ಗಟ್ಟಿಮೇಳಕ್ಕೆ ಒಂಬತ್ತು ದಿನ

ಮೇ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಚಿಕ್ಕಪ್ಪ ನಮ್ಮ ಜಗಲಿಯ ಮೇಲೆ ಕೂತು ಡೋಲಿನ ಬಾರು ಬಿಗಿಯುತ್ತಿದ್ದ. ತಲೆ ಎತ್ತದೆ ಕೇಳಿದ:

"ಬರೋ ವಾರ ಗುರುವಾರ ಹಳೇಕೋಟೆಗೆ ಎಷ್ಟೊತ್ತಿಗೆ ಒರಡಾನ ಮಗ? ವ್ಯಾನ್‌ನೋನು ಕೇಳ್ತಾವ್ನೆ."

ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಆ ಗುರುವಾರ ನಾವು ಹೋಗಬೇಕಾಗಿದ್ದದ್ದು ಚನ್ನರಾಯಪಟ್ಟಣಕ್ಕೆ. ಒಪ್ಪಂದಕ್ಕೆ ಸಹಿಯಾಗಿತ್ತು, ಸಹಿ ಹಾಕಿಸಿದವಳು ನಾನು. "ನೋಡಿ ಹೇಳ್ತೀನಿ ಚಿಕ್ಕಪ್ಪ" ಎಂದು ಒಳಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಮೇಳದ ದಿನಗಳ ಪಟ್ಟಿ ತೆರೆದೆ. ಗುರುವಾರದ ಸಾಲಿನಲ್ಲಿ ಚನ್ನರಾಯಪಟ್ಟಣ ಹಸಿರು ಬಣ್ಣದಲ್ಲಿತ್ತು, ಅಂದರೆ ಖಾತ್ರಿ. ಹಳೇಕೋಟೆ ಅದೇ ದಿನ, ಹಳದಿ ಬಣ್ಣದಲ್ಲಿ, 'ವಿಚಾರಣೆ' ಎಂಬ ಕಡೆ ಇತ್ತು. ಎರಡೂ ಮದುವೆ, ಎರಡೂ ಹತ್ತು ಗಂಟೆಯ ಮೇಲಿನ ಮುಹೂರ್ತ. ನಮ್ಮದು ಒಂದೇ ಓಲಗದ ಮೇಳ.

ಆವತ್ತು ದಿನಚರಿಯಲ್ಲಿ ಬರೆದದ್ದು ಒಂದೇ ಸಾಲು: ಇನ್ನು ಒಂಬತ್ತು ದಿನ.

ಇದು ಹೇಗಾಯಿತು ಎಂದು ಹೇಳಬೇಕು. ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಗೀತೋದ್ಯಮದ ಪದವಿ ಓದುತ್ತಿದ್ದೆ. ಅರಕಲಗೂಡಿನಲ್ಲಿ ಇದನ್ನು ಯಾರಿಗೆ ಹೇಳಿದರೂ "ಹಾಡಕ್ಕೆ ಕಲಿಸ್ತಾರಾ?" ಎನ್ನುತ್ತಿದ್ದರು. ಹಾಡಲಿಕ್ಕಲ್ಲ, ಹಾಡುವವರಿಗೂ ನುಡಿಸುವವರಿಗೂ ಕೆಲಸ ಹೊಂದಿಸಿಕೊಡಲಿಕ್ಕೆ ಎಂದರೆ "ಅದಕ್ಕೂ ಕಾಲೇಜಾ?" ಎಂದು ನಗುತ್ತಿದ್ದರು. ಒಪ್ಪಂದ ಬರೆಯುವುದು, ಧ್ವನಿಮುದ್ರಣದ ಹಕ್ಕು ಯಾರದೆಂದು ತಿಳಿಯುವುದು, ಕಾರ್ಯಕ್ರಮವನ್ನು ನಿಮಿಷ ನಿಮಿಷ ಪಟ್ಟಿ ಮಾಡಿ ನಡೆಸುವುದು, ಇವೆಲ್ಲ ನಮ್ಮ ಪಾಠಗಳು. ಕೊನೆಯ ಆರು ತಿಂಗಳು ಎಲ್ಲಾದರೂ ಕೆಲಸ ಮಾಡಿ, ದಿನದಿನದ ವರದಿ ಒಪ್ಪಿಸಬೇಕು. ಜೊತೆಯವರು ಸ್ಟುಡಿಯೋಗಳಿಗೆ, ದೊಡ್ಡ ಕಾರ್ಯಕ್ರಮ ನಡೆಸುವ ಕಂಪನಿಗಳಿಗೆ ಹೋದರು. ನಾನು ಹದಿನೇಳು ಕಡೆ ಅರ್ಜಿ ಹಾಕಿದೆ. ಮೂರು ಕಡೆಯಿಂದ 'ಇಲ್ಲ' ಬಂತು, ಹದಿನಾಲ್ಕು ಕಡೆಯಿಂದ ಏನೂ ಬರಲಿಲ್ಲ. ಆಗ ನಮ್ಮ ಮೇಡಂ "ನಿಮ್ಮ ತಂದೆಯವರದೇ ಓಲಗ ಇದೆಯಲ್ಲ, ಅಲ್ಲೇ ಮಾಡು" ಎಂದರು.

ಅಪ್ಪ ನಾದಸ್ವರ ಊದುತ್ತಾನೆ. ಜೊತೆ ನಾದಸ್ವರಕ್ಕೆ ಅವನ ಭಾವಮೈದುನ, ಡೋಲಿಗೆ ಚಿಕ್ಕಪ್ಪ, ಶ್ರುತಿಪೆಟ್ಟಿಗೆಗೆ, ತಾಳಕ್ಕೆ ಇನ್ನಿಬ್ಬರು. ಅರಕಲಗೂಡಿನಿಂದ ಹೊಳೆನರಸೀಪುರದವರೆಗೆ ಮದುವೆಗಳಿಗೆ ಇವರನ್ನೇ ಕರೆಯುತ್ತಾರೆ. ಕರೆಯುವುದು ಎಂದರೆ ವೀಳ್ಯ ಕೊಡುವುದು. ಮದುವೆ ಮನೆಯ ಹಿರಿಯರೊಬ್ಬರು ತಟ್ಟೆಯಲ್ಲಿ ಎಲೆ ಅಡಿಕೆ ತಂದು, ಇಂಥ ದಿನ ಎಂದು ಹೇಳಿ ಕೊಡುತ್ತಾರೆ. ತೆಗೆದುಕೊಂಡರೆ ಮುಗಿಯಿತು. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನೋಡಿದ್ದೆ ಅಷ್ಟೆ.

ಮಾರ್ಚ್ ಕೊನೆಯಲ್ಲಿ ಒಂದು ಭಾನುವಾರ ಹಳೇಕೋಟೆಯ ಗೌಡರೊಬ್ಬರು ಬಂದಿದ್ದರು. ಅಪ್ಪ ಬೇರೆ ಮದುವೆಗೆ ಹೋಗಿದ್ದ. ಗೌಡರು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು, "ನಮ್ಮ ಮಮ್ಮಗನ ಮದ್ವೆ ಕಣಮ್ಮ, ಯಜಮಾನ್ರು ಬಂದ್ರೆ ಯೋಳು" ಎಂದು ದಿನ ಹೇಳಿದರು. ಅವ್ವ ಸೆರಗೊಡ್ಡಿ ಎಲೆ ಅಡಿಕೆ ತೆಗೆದುಕೊಂಡಳು. ನಾನು ಅಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ.

"ಗೌಡ್ರೆ, ಒಂದು ಫಾರಂ ಐತೆ, ಸೈನ್ ಹಾಕ್ತೀರಾ?" ಎಂದೆ.

ಅವರು ಗಟ್ಟಿಯಾಗಿ ನಕ್ಕರು. "ವಾಲಗಕ್ಕೂ ಫಾರಮ್ಮಾ? ನಿಮ್ಮಪ್ಪ ನನ್ ಮದ್ವೇಗೆ ಊದಿದೋರ ಮಗ ಕಣವ್ವ. ಸೈನ್ ಹಾಕಕ್ಕೆ ನಾನೇನ್ ರಿಜಿಸ್ಟ್ರಾಫೀಸ್‌ಗೆ ಬಂದಿವ್ನಾ?"

ಅವರು ಹೋದ ಮೇಲೆ ನಾನು ಪಾಠದಲ್ಲಿ ಹೇಳಿಕೊಟ್ಟಂತೆ ಮಾಡಿದೆ. ಸಹಿ ಇಲ್ಲ, ಆದ್ದರಿಂದ ಖಾತ್ರಿ ಇಲ್ಲ. ವಿಚಾರಣೆ. ಹಳದಿ. ಅವ್ವ ಸಂಜೆ ಅಪ್ಪನಿಗೆ ವಿಷಯ ಹೇಳಿದಳು. ವೀಳ್ಯ ತೆಗೆದುಕೊಂಡಾಗ ನಾನು ಎದುರಿಗೇ ಇದ್ದೆನಾದ್ದರಿಂದ ನನಗೆ ಮತ್ತೆ ಹೇಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ. ಏಪ್ರಿಲ್‌ನಲ್ಲಿ ಚನ್ನರಾಯಪಟ್ಟಣದವರು, ಮೇಳಕ್ಕೆಂದು ನಾನು ಇಂಟರ್‌ನೆಟ್‌ನಲ್ಲಿ ತೆರೆದಿದ್ದ ಪುಟ ನೋಡಿ ಅದೇ ದಿನಕ್ಕೆ ಕೇಳಿದರು. ಆ ದಿನಕ್ಕೆ ಹಸಿರು ಯಾವುದೂ ಇರಲಿಲ್ಲವಾದ್ದರಿಂದ ನಾನು ಒಪ್ಪಂದ ಕಳಿಸಿದೆ, ಅವರು ಸಹಿ ಮಾಡಿ ಫೋಟೋ ಕಳಿಸಿದರು. ಅಪ್ಪನಿಗೆ ಹೇಳಿದಾಗ ಅವನು ನಾದಸ್ವರದ ಬಾಯಿಗೆ ಸಿಕ್ಕಿಸುವ ಪೀಪಿಯನ್ನು ಸವರುತ್ತಿದ್ದ. "ತಾರೀಕು ನೀನು ನೋಡ್ಕಂಡಿದ್ದೀಯಲ್ಲ ಮಗ, ಸರಿ ಬುಡು" ಎಂದ. ಅವನು ದಿನಗಳನ್ನು ತಿಥಿಯ ಮೇಲೆ ನೆನಪಿಡುತ್ತಾನೆ. ನಾನು ಹೇಳಿದ್ದು ತಾರೀಕು.

ಗಟ್ಟಿಮೇಳ ಕೇಳಿದವರಿಗೆ ನನ್ನ ಹೆದರಿಕೆ ಗೊತ್ತಾಗುತ್ತದೆ. ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಕೈ ಎತ್ತಿ ಕೂಗುತ್ತಾರೆ, ಆಗ ವಾದ್ಯವೆಲ್ಲ ಒಟ್ಟಿಗೆ ಜೋರಾಗಿ ಹೊಡೆಯಬೇಕು. ಯಾರ ಸೀನು, ಯಾರ ಅಳು, ಯಾರ ಕೆಟ್ಟ ಮಾತೂ ಮದುಮಕ್ಕಳ ಕಿವಿಗೆ ಬೀಳಬಾರದು ಎಂದು. ಆ ಹೊತ್ತಿನಲ್ಲಿ ಓಲಗ ಇಲ್ಲದಿದ್ದರೆ ಮುಂದೆ ಆ ಮನೆಯಲ್ಲಿ ಆಗುವ ಪ್ರತಿಯೊಂದು ಕೆಡುಕಿಗೂ ಜನ ಆ ಮೌನವನ್ನೇ ನೆನೆಯುತ್ತಾರೆ. ಆ ಮೌನಕ್ಕೆ ಅಪ್ಪನ ಹೆಸರು ಅಂಟಿಕೊಳ್ಳುತ್ತದೆ.

ಮಂಗಳವಾರದಿಂದ ಶುಕ್ರವಾರದವರೆಗೆ ನಾನು ಯಾರಿಗೂ ಹೇಳಲಿಲ್ಲ. ಕಾಲೇಜಿನಲ್ಲಿ ಬದಲಿ ಕಲಾವಿದರ ಪಟ್ಟಿ ಸದಾ ಕೈಯಲ್ಲಿರಬೇಕು ಎಂದು ಹೇಳಿಕೊಟ್ಟಿದ್ದರು. ನಾನು ಆ ಪಟ್ಟಿಯನ್ನು ಈಗ ಮಾಡತೊಡಗಿದೆ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಫೋನ್ ಮಾಡುತ್ತಿದ್ದೆ. ನಾಲ್ಕು ದಿನದಲ್ಲಿ ಇಪ್ಪತ್ತಾರು ಮೇಳಗಳಿಗೆ ಕರೆ ಮಾಡಿದೆ. ಹತ್ತೊಂಬತ್ತು ಮೇಳದವರಿಗೆ ಆವತ್ತು ಬೇರೆ ಮದುವೆ ಇತ್ತು. ನಾಲ್ವರು ಫೋನ್ ಎತ್ತಲಿಲ್ಲ. ಇಬ್ಬರು ಊದುವುದನ್ನೇ ಬಿಟ್ಟಿದ್ದರು. ಒಬ್ಬರು, "ವರ್ಸದಾಗೆ ಅಂಥಾ ಮೂರ್ತ ಇನ್ನೊಂದಿಲ್ಲ, ಈವಾಗ ಕೇಳ್ತಾವ್ಳೆ ನೋಡ್ಲಾ" ಎಂದು ಪಕ್ಕದವರಿಗೆ ಹೇಳಿ ನಗುತ್ತಾ ಫೋನ್ ಇಟ್ಟರು.

ಆ ನಾಲ್ಕು ದಿನ ಅಪ್ಪ ಕೆಮ್ಮಿದರೂ ಫೋನ್ ಮುಚ್ಚಿಡುತ್ತಿದ್ದೆ. ಮನೆಯ ಮುಂದೆ ಬೈಕ್ ನಿಂತರೆ ಹಳೇಕೋಟೆಯವರು ಎನ್ನಿಸುತ್ತಿತ್ತು, ಫೋನ್ ಹೊಡೆದರೆ ಚನ್ನರಾಯಪಟ್ಟಣದವರು ಎನ್ನಿಸುತ್ತಿತ್ತು. ಊಟ ಸೇರಲಿಲ್ಲ. ಅವ್ವ "ಪರೀಕ್ಷೆ ಐತಾ?" ಎಂದು ಕೇಳಿದಳು. ಹೂಂ ಎಂದೆ.

ಶನಿವಾರ ಬೆಳಿಗ್ಗೆ ಅಪ್ಪ ಹಳೇಕೋಟೆಗೆ ಉಡಲು ಬಿಳಿ ಪಂಚೆ ತೆಗೆದಿಡುತ್ತಿದ್ದ. ಅದನ್ನು ನೋಡಿ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅವನು ಪಂಚೆಯ ಮಡಿಕೆ ಸರಿಮಾಡುವುದನ್ನು ನಿಲ್ಲಿಸಲಿಲ್ಲ.

"ಎಂದು ಗೊತ್ತಾಯ್ತು ನಿಂಗೆ?"

"ಮಂಗಳವಾರ."

"ಇವತ್ತು ಶನಿವಾರ." ಮಡಿಸಿದ ಪಂಚೆಯನ್ನು ಪೆಟ್ಟಿಗೆಯ ಮೇಲಿಟ್ಟ. "ಮಂಗಳವಾರವೇ ಯೋಳಿದ್ರೆ ನಾನೇ ನಾಕ್ ಊರು ತಿರುಗ್ತಿದ್ದೆ ಕಣವ್ವ. ಫೋನ್‌ನಾಗೆ ಕೇಳಿದ್ರೆ ಯಾರು ಬತ್ತಾರೆ?"

"ಹಳೇಕೋಟೆಗೆ ಬರಕ್ಕಾಗಲ್ಲ ಅಂತ ಹೇಳಿದ್ರೆ... ಅವ್ರು ಸೈನ್ ಹಾಕಿಲ್ಲ ಅಪ್ಪ."

ಅವನು ನನ್ನ ಮುಖ ನೋಡಿದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ನಿಮ್ಮವ್ವ ಸೆರಗೊಡ್ಡಿ ಇಸ್ಕಂಡವ್ಳೆ. ಅದನ್ನ ಎಂಗೆ ವಾಪಸ್ ಕೊಡದು? ಆ ವೀಳ್ಯ ನಂದು, ನಾನು ಅಲ್ಗೇ ಓಯ್ತೀನಿ. ಆ ಕಾಗದ ನಿಂದು. ನೀನು ಚನ್ನರಾಯಪಟ್ಣಕ್ಕೆ ಓಗಿ ಅವರ ಮುಂದೆ ನಿಂತ್ಕ."

ಮೇಡಂಗೆ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. "ನಿನ್ನ ಒಪ್ಪಂದದ ಆರನೇ ಷರತ್ತು ಓದು. ಅನಿವಾರ್ಯವಾದರೆ ಸಮಾನ ಮಟ್ಟದ ಬದಲಿ ತಂಡ ಕಳಿಸಬಹುದು ಎಂದು ಬರೆದಿದ್ದೀಯ. ಸುಳ್ಳು ಹೇಳಬೇಡ, ಕಾಯಿಲೆ ಅನ್ನಬೇಡ. ಬದಲಿ ಹುಡುಕು" ಎಂದರು. ಅದನ್ನು ಬರೆದವಳು ನಾನೇ, ಅಂಕಗಳಿಗಾಗಿ. ಅದು ಒಂದು ದಿನ ಬೇಕಾಗುತ್ತದೆ ಎಂದು ಬರೆಯುವಾಗ ಅನ್ನಿಸಿರಲಿಲ್ಲ.

ಭಾನುವಾರ ಹೊಳೆನರಸೀಪುರದಲ್ಲಿ ಬಸ್ ಬದಲಿಸಿ ಚನ್ನರಾಯಪಟ್ಟಣಕ್ಕೆ ಹೋದೆ. ಮದುಮಗಳ ತಂದೆ ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದವರು. ಒಪ್ಪಂದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದರು. ಕನ್ನಡಕ ಹಾಕಿಕೊಂಡು ಆರನೇ ಷರತ್ತನ್ನು ಬೆರಳಿಟ್ಟು ಎರಡು ಸಲ ಓದಿದರು.

"ನೋಡಮ್ಮ, ನಿಂದು ಸಣ್ಣ ವಯಸ್ಸು, ಬೈಯ್ಯಕ್ಕೆ ಮನಸ್ಸಾಗಲ್ಲ" ಎಂದರು. ಆಮೇಲೆ ಒಳಗಿನವರಿಗೆ ಕೇಳಿಸದಂತೆ ಹತ್ತಿರ ಬಂದು ಹೇಳಿದರು: "ನನ್ನ ಮಗಳಿಗೆ ಹಿಂದೆ ಒಂದು ಸಲ ಮದ್ವೆ ನಿಂತೋಗಿದೆ. ಲಗ್ನಪತ್ರಿಕೆ ಹಂಚಿದ ಮೇಲೆ. ಈ ಸಲ ಒಂದು ಅಪಶಕುನ ಆದ್ರೂ ನಮ್ಮನೇಲಿ ಯಾರೂ ತಡ್ಕಳಲ್ಲ. ಯಾರನ್ನಾದ್ರೂ ಕರ್ಕಂಬಾ. ಗಟ್ಟಿಮೇಳ ಮಾತ್ರ ತಪ್ಪಬಾರದು."

ವಾಪಸ್ ಬರುವಾಗ ಬಸ್ಸಿನಿಂದಲೇ, ಮೊದಲು ಫೋನ್ ಎತ್ತದಿದ್ದ ನಾಲ್ವರಿಗೂ ಮತ್ತೆ ಮಾಡಿದೆ, ಈ ಸಲವೂ ಯಾರೂ ಎತ್ತಲಿಲ್ಲ.

ಸೋಮವಾರ ಅಪ್ಪನೇ ಒಂದು ದಾರಿ ಹೇಳಿದ. ದೊಡ್ಡಗದ್ದವಳ್ಳಿಯ ಒಬ್ಬ ಹಿರಿಯರು ಹಾಸನದ ಒಂದು ದೇವಸ್ಥಾನದಲ್ಲಿ ಬೆಳಗಿನ ಪೂಜೆಗೆ ನಾದಸ್ವರ ಊದುತ್ತಾರೆ, ಮದುವೆಗಳಿಗೆ ಹೋಗುವುದಿಲ್ಲ, ಅವರ ಅಳಿಯ ಡೋಲು ಬಾರಿಸುತ್ತಾನೆ. ನಾನು ಹಾಸನಕ್ಕೆ ಹೋಗಿ ಅವರ ಕಾಲಿಗೆ ಬಿದ್ದೆ. ಅಪ್ಪನ ಹೆಸರು ಹೇಳಿದ ಮೇಲೆ ಅವರು ಒಪ್ಪಿದರು.

"ಪೂಜೆ ಮುಗೀತಲೂ ಬತ್ತೀನಿ ಮಗ, ಕಾರ್ ಕಳ್ಸು."

ದೇವಸ್ಥಾನದ ಬೋರ್ಡಿನಲ್ಲಿ ಮಂಗಳಾರತಿ ಒಂಬತ್ತು ಗಂಟೆಗೆ ಎಂದಿತ್ತು. ಬುಧವಾರ ಕೂತು ನಿಮಿಷವಾರು ಪಟ್ಟಿ ಮಾಡಿದೆ. ಒಂಬತ್ತೂ ಐದಕ್ಕೆ ಕಾರು ಹೊರಡಬೇಕು, ಹತ್ತೂ ಐದಕ್ಕೆ ಛತ್ರದ ಬಾಗಿಲು. ಮುಹೂರ್ತ ಹತ್ತೂ ಹತ್ತರಿಂದ ಹತ್ತೂ ಐವತ್ತೈದರವರೆಗೆ. ತಾಳಿ ಯಾವಾಗ ಕಟ್ಟಿಸುತ್ತೀರಿ ಎಂದು ಪುರೋಹಿತರಿಗೆ ಫೋನ್ ಮಾಡಿ ಕೇಳಿದೆ. ಹತ್ತೂವರೆಗೆ ಮುಂಚೆ ಇಲ್ಲ ಎಂದರು. ಇಪ್ಪತ್ತೈದು ನಿಮಿಷ ಕೈಯಲ್ಲಿತ್ತು. ಅಷ್ಟು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ಓದಿದ್ದು ಕೆಲಸಕ್ಕೆ ಬಂತು ಎಂದುಕೊಂಡೆ.

ಗುರುವಾರ ಅಪ್ಪನ ಮೇಳ ಬೆಳಗಾಗುತ್ತಲೇ ಹಳೇಕೋಟೆಗೆ ಹೊರಟಿತು. ನಾನು ಒಂಬತ್ತು ಗಂಟೆಗೆ ಚನ್ನರಾಯಪಟ್ಟಣದ ಛತ್ರದಲ್ಲಿದ್ದೆ. ಒಂಬತ್ತೂ ಐದಕ್ಕೆ ಕಾರಿನವನಿಗೆ ಫೋನ್ ಮಾಡಿದೆ.

"ಇನ್ನೂ ಆರತಿ ಆಯ್ತಾ ಐತೆ ಮೇಡಂ. ಇಲ್ಲಿ ಮದ್ವೆ ಆದ ಜೋಡಿಗ್ಳು ಒಂದರಿಂದೆ ಒಂದು ಬತ್ತಾವೆ. ಒಬ್ಬೊಬ್ರಿಗೂ ಆರತಿ ಎತ್ತಾವ್ರೆ."

ವರ್ಷದ ದೊಡ್ಡ ಮುಹೂರ್ತ. ಬೆಳಗಿನ ಲಗ್ನದಲ್ಲಿ ಮದುವೆಯಾದವರೆಲ್ಲ ಸೀದಾ ದೇವಸ್ಥಾನಕ್ಕೆ ಬಂದಿದ್ದರು. ಹಿರಿಯರು ಹೇಳಿದ್ದು ಪೂಜೆ ಮುಗಿದ ಮೇಲೆ ಎಂದು. ಒಂಬತ್ತು ಗಂಟೆ ಎಂದು ಅವರು ಹೇಳಿರಲೇ ಇಲ್ಲ, ಅದನ್ನು ಬರೆದುಕೊಂಡವಳು ನಾನು. ಅವರು ಕಾರು ಹತ್ತಿದಾಗ ಒಂಬತ್ತೂ ಐವತ್ತೆರಡು. ಹತ್ತೂ ಇಪ್ಪತ್ತಕ್ಕೆ ಶಾಂತಿಗ್ರಾಮದ ಹತ್ತಿರ ಇದ್ದರು. ಹಸೆಮಣೆಯ ಮೇಲೆ ಮದುಮಕ್ಕಳ ನಡುವೆ ಅಂತರಪಟ ಹಿಡಿದಾಗಿತ್ತು.

ಮದುಮಗಳ ತಂದೆ ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲಿಗೆ ಬಂದರು. "ಎಲ್ಲಮ್ಮ ನಿಮ್ಮೋರು?"

ದಾರಿಯ ಕಡೆ ಕೈ ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಪಕ್ಕದಲ್ಲಿ ವೈರು ಸುತ್ತುತ್ತಿದ್ದ ಛತ್ರದ ಮೈಕಿನವನು ತಿರುಗಿದ.

"ವಾಲಗ ಬಂದಿಲ್ವಾ ಸಾ? ಟೆನ್ಷನ್ ಯಾಕೆ, ನನ್ ಫೋನ್‌ನಾಗೆ ಐತೆ. ಇಂಥದ್ದಕ್ಕೇ ಮಡಿಕ್ಕಂಡಿವ್ನಿ."

ಅವರು ನನ್ನನ್ನು ನೋಡಿದರು. ನಾನು ಬೇಡ ಎನ್ನಬೇಕಿತ್ತೋ ಏನೋ. ಆದರೆ ಹತ್ತೂ ಇಪ್ಪತ್ತಾರಾಗಿತ್ತು, ಮತ್ತು ನನ್ನ ಕಣ್ಣ ಮುಂದೆ ಇದ್ದದ್ದು ಆ ಮೌನ ಒಂದೇ. ನಾನೇ ಮೈಕಿನವನ ಹತ್ತಿರ ಓಡಿದೆ.

"ಮಧ್ಯೆ ಯಾರಾದ್ರೂ ಕಾಲ್ ಮಾಡಿದ್ರೆ? ಜಾಹೀರಾತು ಬಂದ್ರೆ? ಏರೋಪ್ಲೇನ್ ಮೋಡ್‌ಗೆ ಹಾಕಿ."

"ಅಯ್ಯೋ, ನಂಗೇ ಕಲಿಸ್ತೀರಲ್ಲಾ ಮೇಡಂ" ಎಂದು ನಕ್ಕ. ಆದರೂ ಹಾಕಿದ. "ಸೌಂಡ್ ಎಷ್ಟ್ ಕೊಡ್ಲಿ?"

"ಪೂರ್ತಿ" ಎಂದೆ.

"ಯಾರು ಊದಿರೋದು ಇದನ್ನ?" ಎಂದು ಯಾಕೆ ಕೇಳಿದೆನೋ ಗೊತ್ತಿಲ್ಲ. ಮುದ್ರಿಸಿದವರ ಹಕ್ಕು, ನುಡಿಸಿದವರ ಹಕ್ಕು ಎಂದು ಒಂದು ಇಡೀ ಸೆಮಿಸ್ಟರ್ ಓದಿದ್ದಕ್ಕೆ ಇರಬೇಕು.

"ಯಾರಿಗ್ ಗೊತ್ತು? ಯಾರೋ ಕಳಿಸಿದ್ರು."

ಹತ್ತೂ ಮೂವತ್ತೊಂದಕ್ಕೆ ಪುರೋಹಿತರು ಕೈ ಎತ್ತಿದರು. "ಗಟ್ಟಿಮೇಳ! ಗಟ್ಟಿಮೇಳ!" ಮೈಕಿನವನ ಹೆಬ್ಬೆರಳು ಗಾಜಿನ ಮೇಲೆ ಬಿತ್ತು. ಒಂದು ಕ್ಷಣ ಏನೂ ಕೇಳಿಸಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ನಾಲ್ಕು ಮೂಲೆಯ ಸ್ಪೀಕರ್‌ಗಳಿಂದ ನಾದಸ್ವರ, ಡೋಲು ಒಟ್ಟಿಗೆ ಸಿಡಿದವು. ಎದೆಗೆ ಬಡಿಯುವಷ್ಟು ಜೋರು. ಅಕ್ಷತೆ ಹಾರಿತು. ಮದುಮಗಳ ತಾಯಿ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನ ಮುದುಕಿಯೊಬ್ಬರು ವಾದ್ಯದವರು ಎಲ್ಲಿ ಎಂದು ಹುಡುಕುತ್ತಾರೆ ಎಂದುಕೊಂಡು ಅವರನ್ನೇ ನೋಡುತ್ತಿದ್ದೆ. ಅವರು ಅಕ್ಷತೆ ಎಸೆದು, ಪಕ್ಕದವರಿಗೆ ಊಟದ ಮನೆಯ ದಾರಿ ತೋರಿಸಿದರು. ಸುಮಾರು ನಾನೂರು ಜನ ಇದ್ದರು. ಒಬ್ಬರೂ ಬಾಗಿಲ ಕಡೆ ತಿರುಗಲಿಲ್ಲ.

ಹಿರಿಯರು ಹತ್ತೂ ಐವತ್ತೊಂದಕ್ಕೆ ಬಂದರು. ಊಟದ ಮನೆಯ ಹೊರಗೆ ಕುರ್ಚಿ ಹಾಕಿಸಿ, ಅಳಿಯನೊಂದಿಗೆ ಮುಕ್ಕಾಲು ಗಂಟೆ ಊದಿದರು. ಚೆನ್ನಾಗಿ ಊದಿದರು. ಕೈ ತೊಳೆಯಲು ಹೋಗುವವರು ಅವರನ್ನು ಬಳಸಿಕೊಂಡು ಹೋದರು. ಮದುಮಗಳ ತಂದೆ ಅವರಿಗೆ ತಾಂಬೂಲ ಕೊಟ್ಟು ಕಳಿಸಿ ನನ್ನ ಹತ್ತಿರ ಬಂದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ನಿಂತೆ.

"ಏನೂ ತೊಂದ್ರೆ ಆಗ್ಲಿಲ್ಲ ಬಿಡಮ್ಮ" ಎಂದರು. ಅವರ ಮುಖದಲ್ಲಿ ನಿಜವಾಗಿಯೂ ನಿರಾಳ ಇತ್ತು. "ಜೋರಾಗೇ ಬಂತು. ಊಟ ಮಾಡ್ಕಂಡು ಹೋಗು."

ಆ ಮಾತು ಕೇಳಿದಾಗ ಒಂಬತ್ತು ದಿನ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ. ಊಟಕ್ಕೆ ಕೂರಲಿಲ್ಲ.

ಸಂಜೆ ಐದಕ್ಕೆ ಮನೆ ಸೇರಿದಾಗ ಅಪ್ಪ ಜಗಲಿಯಲ್ಲಿ ಕಾಯುತ್ತಿದ್ದ. ಹಳೇಕೋಟೆಯಲ್ಲಿ ಊದಿ ಊದಿ ತುಟಿ ಬಾತಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದ:

"ಗಟ್ಟಿಮೇಳಕ್ಕೆ ಸಿಕ್ಕುದ್ರಾ ಅವ್ರು?"

"ಇಲ್ಲ ಅಪ್ಪ. ಇಪ್ಪತ್ತು ನಿಮಿಷ ತಡ ಆಯ್ತು."

ಅವನು ಕಂಬ ಹಿಡಿದುಕೊಂಡ. "ಮತ್ತೆ?"

"ಮೈಕ್‌ನೋರು ಫೋನ್‌ನಲ್ಲಿ ಹಾಕಿದ್ರು."

ಚಿಕ್ಕಪ್ಪ ಒಳಗಿನಿಂದ "ಥೂ" ಎಂದ. ಅಪ್ಪ ಅವನಿಗೆ ಸುಮ್ಮನಿರಲು ಕೈ ಮಾಡಿದ. "ಜನ ಏನಂದ್ರು? ಬೈದ್ರಾ? ಬೈದಿರ್ತಾರೆ. ನಾಳೀಕೆ ನಾನೇ ಓಗಿ ತಪ್ಪಾಯ್ತು ಅಂತ ಕಾಲಿಡ್ಕಂಡು ಬತ್ತೀನಿ. ಮುಚ್ಚಿಡಬ್ಯಾಡ, ಯೋಳು ಮಗ."

"ಬೈಲಿಲ್ಲ."

"ಹುಡುಗಿ ಅಪ್ಪ?"

"ಊಟ ಮಾಡ್ಕಂಡು ಹೋಗು ಅಂದ್ರು."

"ಮುದುಕ್ರು ಯಾರಾದ್ರೂ? ಎಂಗಸ್ರು? ಪುರೋಹಿತ್ರು?"

"ಯಾರೂ ಏನೂ ಅನ್ನಲಿಲ್ಲ ಅಪ್ಪ."

ಅಪ್ಪ ನನ್ನನ್ನೇ ನೋಡುತ್ತಾ ನಿಂತ. ಅವನ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಒಬ್ರೂವೆ ಕೇಳ್ಲಿಲ್ವಾ, ವಾಲಗ ಎಲ್ಲಿ ಅಂತ?" ಎಂದ.